ವಿಶ್ವವಿದ್ಯಾಲಯಗಳಲ್ಲಿ ಜ್ಞಾನ ಹಂಚಿಕೆ

ವಿಶ್ವವಿದ್ಯಾಲಯಗಳಲ್ಲಿ ಜ್ಞಾನ ಹಂಚಿಕೆ ಎಂದರೆ ಅಲ್ಲಿನ ಅಧ್ಯಾಪಕರು, ಸಂಶೋಧಕರು, ಗ್ರಂಥಪಾಲಕರು ಹಾಗೂ ಆಡಳಿತ ಸಿಬ್ಬಂದಿ ತಾವು ಗಳಿಸಿದ ತಿಳಿವಳಿಕೆ, ಅನುಭವ ಮತ್ತು ಕೆಲಸದ ಕೌಶಲಗಳನ್ನು ಸಹೋದ್ಯೋಗಿಗಳಿಗೂ ತಮ್ಮ ಅನಂತರ ಬರುವವರಿಗೂ ತಿಳಿಸಿಕೊಡುವ ಪ್ರಕ್ರಿಯೆ. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಉದ್ಯೋಗದ ಕರ್ತವ್ಯ. ಸಹೋದ್ಯೋಗಿಗೆ ತನ್ನ ತಿಳಿವಳಿಕೆಯನ್ನು ಕೊಡುವುದು ಬಹುಮಟ್ಟಿಗೆ ವ್ಯಕ್ತಿಯ ಇಚ್ಛೆಗೆ ಬಿಟ್ಟದ್ದು. ಆದ್ದರಿಂದ ಈ ವಿಷಯದ ಅಧ್ಯಯನದಲ್ಲಿ ನೌಕರರ ಮನೋಭಾವ ಹಾಗೂ ಅವರ ಯೋಗಕ್ಷೇಮ ಎಂಬ ಎರಡು ಅಂಶಗಳಿಗೆ ಮಹತ್ವ ದೊರೆತಿದೆ. ನಿರ್ವಹಣಾಶಾಸ್ತ್ರ, ಸಾಮಾಜಿಕ ಮನೋವಿಜ್ಞಾನ ಮತ್ತು ಶಿಕ್ಷಣಶಾಸ್ತ್ರಗಳು ಇದನ್ನು ಪರಿಶೀಲಿಸಿವೆ. ಕರ್ನಾಟಕದಲ್ಲಿ ಇದಕ್ಕೆ ದೀರ್ಘಕಾಲದ ನಿದರ್ಶನಗಳು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸದಲ್ಲಿ ದೊರೆಯುತ್ತವೆ.

ಪರಿಕಲ್ಪನೆ

ಜ್ಞಾನವನ್ನು ಸಾಮಾನ್ಯವಾಗಿ ವ್ಯಕ್ತ ಜ್ಞಾನ ಮತ್ತು ಅವ್ಯಕ್ತ ಜ್ಞಾನ ಎಂದು ಎರಡಾಗಿ ವಿಂಗಡಿಸಲಾಗುತ್ತದೆ. ಪುಸ್ತಕ, ಸುತ್ತೋಲೆ, ನಿಯಮಾವಳಿ, ಕಡತಗಳಲ್ಲಿ ಬರೆದಿಟ್ಟದ್ದು ವ್ಯಕ್ತ ಜ್ಞಾನ. ವ್ಯಕ್ತಿಯ ಕಣ್ಣು, ಕೈ ಮತ್ತು ನೆನಪಿನಲ್ಲಿ ಉಳಿದಿದ್ದು ಮಾತಿಗೆ ಸುಲಭವಾಗಿ ಸಿಗದಿರುವುದು ಅವ್ಯಕ್ತ ಜ್ಞಾನ. ಸವೆದ ಶಾಸನದಲ್ಲಿ ಅಕ್ಷರವನ್ನು ಗುರುತಿಸುವುದು, ತಾಳೆಗರಿಯ ಕಟ್ಟನ್ನು ಮುರಿಯದಂತೆ ಬಿಚ್ಚುವುದು, ಹಳೆಯ ಕಡತವೊಂದು ಯಾವ ಶಾಖೆಯಲ್ಲಿ ಇರಬಹುದೆಂದು ಊಹಿಸುವುದು ಈ ಬಗೆಯವು. ಅವ್ಯಕ್ತ ಜ್ಞಾನದ ವಿಚಾರವನ್ನು ಹಂಗೇರಿ ಮೂಲದ ಚಿಂತಕ ಮೈಕೆಲ್ ಪೊಲಾನಿ ಪ್ರತಿಪಾದಿಸಿದರು. ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ಟಕೆಯುಚಿ 1995ರ ತಮ್ಮ ಗ್ರಂಥದಲ್ಲಿ ಅವ್ಯಕ್ತ ಜ್ಞಾನವು ಒಡನಾಟದಿಂದ ಇನ್ನೊಬ್ಬರಿಗೆ ಸಾಗಿ, ಬರಹದ ರೂಪ ಪಡೆದು, ಮತ್ತೆ ಅಭ್ಯಾಸದಿಂದ ಹೊಸಬರ ಸ್ವತ್ತಾಗುವ ಚಕ್ರವನ್ನು ವಿವರಿಸಿದರು.

ವ್ಯಕ್ತ ಜ್ಞಾನದ ಹಂಚಿಕೆಗೆ ಗ್ರಂಥಾಲಯ, ದಾಖಲೆ, ಗಣಕಯಂತ್ರಗಳು ನೆರವಾಗುತ್ತವೆ. ಅವ್ಯಕ್ತ ಜ್ಞಾನ ಸಾಗಬೇಕಾದರೆ ಕೊಡುವವರೂ ಪಡೆಯುವವರೂ ಸಾಕಷ್ಟು ಕಾಲ ಒಂದೇ ಕಡೆ ಕೂಡಿ ಕೆಲಸ ಮಾಡಬೇಕಾಗುತ್ತದೆ. ಇದು ಸಿಬ್ಬಂದಿಯ ಸೇವಾ ಸ್ಥಿತಿಯೊಂದಿಗೆ ನೇರ ಸಂಬಂಧ ಹೊಂದಿರುವ ಸಂಗತಿ.

ಮನೋಭಾವದ ಪಾತ್ರ

ಮಾರ್ಟಿನ್ ಫಿಶ್‌ಬೈನ್ ಮತ್ತು ಐಸೆಕ್ ಐಜೆನ್ ಅವರ ಸಿದ್ಧಾಂತದ ಪ್ರಕಾರ ವ್ಯಕ್ತಿಯ ನಡವಳಿಕೆಗೆ ಮೊದಲು ಸಂಕಲ್ಪವಿರುತ್ತದೆ. ಆ ಕೆಲಸದ ಬಗ್ಗೆ ವ್ಯಕ್ತಿಗಿರುವ ಮನೋಭಾವ ಮತ್ತು ತನ್ನ ಸುತ್ತಲಿನವರು ಅದನ್ನು ಒಪ್ಪುವರೇ ಎಂಬ ಭಾವನೆ ಸಂಕಲ್ಪವನ್ನು ರೂಪಿಸುತ್ತವೆ. ಐಜೆನ್ 1991ರಲ್ಲಿ ವಿಸ್ತರಿಸಿ ನಿರೂಪಿಸಿದ ಯೋಜಿತ ವರ್ತನೆಯ ಸಿದ್ಧಾಂತವು ಇದಕ್ಕೆ ಮೂರನೆಯ ಅಂಶವೊಂದನ್ನು ಕೂಡಿಸುತ್ತದೆ: ಆ ಕೆಲಸ ತನ್ನ ಕೈಲಾಗುವುದೇ, ಅದಕ್ಕೆ ಸಮಯ ಮತ್ತು ಅವಕಾಶ ಇದೆಯೇ ಎಂಬ ವ್ಯಕ್ತಿಯ ಗ್ರಹಿಕೆ. ಜ್ಞಾನ ಹಂಚಿಕೆಯ ಅನೇಕ ಸಮೀಕ್ಷೆಗಳು ಈ ಚೌಕಟ್ಟನ್ನು ಬಳಸಿಕೊಂಡಿವೆ.

2005ರಲ್ಲಿ ಬಾಕ್ ಮತ್ತು ಸಂಗಡಿಗರು ದಕ್ಷಿಣ ಕೊರಿಯಾದ 27 ಸಂಸ್ಥೆಗಳ 154 ವ್ಯವಸ್ಥಾಪಕರನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಮೇಲಿಂದ ಮೇಲೆ ಉಲ್ಲೇಖಗೊಳ್ಳುತ್ತದೆ. ಪರಸ್ಪರ ಸಂಬಂಧ ಉತ್ತಮಗೊಳ್ಳುವುದೆಂಬ ನಿರೀಕ್ಷೆಯು ಹಂಚಿಕೆಯ ಬಗ್ಗೆ ಒಳ್ಳೆಯ ಮನೋಭಾವವನ್ನು ಬೆಳೆಸುತ್ತದೆ ಎಂದೂ, ಹಣ ಮುಂತಾದ ಬಾಹ್ಯ ಪ್ರತಿಫಲದ ನಿರೀಕ್ಷೆಯು ಆ ಮನೋಭಾವವನ್ನು ಕುಗ್ಗಿಸುತ್ತದೆ ಎಂದೂ ಅದು ಕಂಡುಕೊಂಡಿತು. ಕೊಡುವುದು ಸೌಜನ್ಯವಾಗಿ ಉಳಿಯದೆ ವ್ಯವಹಾರವಾದಾಗ ಅದರ ಸ್ವರೂಪ ಬದಲಾಗುತ್ತದೆ ಎಂದು ಇದನ್ನು ಅರ್ಥೈಸಬಹುದು. ಆದರೆ ಈ ಅಧ್ಯಯನ ವಿಶ್ವವಿದ್ಯಾಲಯಗಳನ್ನು ಕುರಿತದ್ದಲ್ಲ. ಅದರ ನಿರ್ಣಯಗಳನ್ನು ಅಲ್ಲಿಗೆ ಅನ್ವಯಿಸುವಾಗ ಎಚ್ಚರ ಅಗತ್ಯ.

ಯೋಗಕ್ಷೇಮದ ಪಾತ್ರ

ಇಲ್ಲಿ ಯೋಗಕ್ಷೇಮ ಎಂಬ ಮಾತು ದೈಹಿಕ ಆರೋಗ್ಯವಷ್ಟನ್ನೇ ಸೂಚಿಸುವುದಿಲ್ಲ. ಉದ್ಯೋಗದ ಭದ್ರತೆ, ಕೆಲಸದ ತೃಪ್ತಿ, ಸಕಾಲದ ವೇತನ, ಸಹೋದ್ಯೋಗಿಗಳ ಗೌರವ, ದಣಿವಿನಿಂದ ಚೇತರಿಸಿಕೊಳ್ಳಲು ಬಿಡುವು ಇವೆಲ್ಲ ಅದರಲ್ಲಿ ಸೇರಿವೆ. ಸ್ಟೀವನ್ ಹಾಬ್‌ಫಾಲ್ 1989ರಲ್ಲಿ ಮಂಡಿಸಿದ ಸಂಪನ್ಮೂಲ ಸಂರಕ್ಷಣಾ ಸಿದ್ಧಾಂತದ ಪ್ರಕಾರ, ಇರುವುದನ್ನು ಕಳೆದುಕೊಳ್ಳುವ ಭಯದಲ್ಲಿರುವ ವ್ಯಕ್ತಿ ತನ್ನಲ್ಲಿ ಉಳಿದಿರುವುದನ್ನು ಕಾಪಾಡಿಕೊಳ್ಳಲು ಯತ್ನಿಸುತ್ತಾನೆ. ತಾನೊಬ್ಬನೇ ಬಲ್ಲ ಕೆಲಸವು ನೌಕರನಿಗೆ ಅಂಥ ಸಂಪನ್ಮೂಲ. ನೌಕರಿಯ ಭರವಸೆ ಇಲ್ಲದವನು ಅದನ್ನು ಬಿಟ್ಟುಕೊಡಲು ಹಿಂಜರಿದರೆ ಅದನ್ನು ಸ್ವಭಾವದೋಷವೆಂದು ಮಾತ್ರ ಪರಿಗಣಿಸಲಾಗದು.

ಏಮಿ ಎಡ್ಮಂಡ್ಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನವು ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆಯನ್ನು ತಂಡದ ಕಲಿಕೆಯೊಂದಿಗೆ ಜೋಡಿಸಿತು. ಪ್ರಶ್ನೆ ಕೇಳಿದರೆ, ತಪ್ಪನ್ನು ಒಪ್ಪಿಕೊಂಡರೆ ಅವಮಾನವಾಗದು ಎಂಬ ನಂಬಿಕೆ ಇರುವ ಕಡೆ ಕಲಿಕೆ ಹೆಚ್ಚುತ್ತದೆ ಎಂಬುದು ಅದರ ಸಾರ. ಇದು ಕೊಡುವವರಷ್ಟೇ ಕೇಳುವವರಿಗೂ ಅನ್ವಯಿಸುತ್ತದೆ. ಹಿರಿಯರ ಮುಂದೆ ಸಂಶಯವನ್ನು ಎತ್ತುವುದು ಉದ್ಧಟತನವೆಂದು ಎಣಿಸಲಾಗುವ ವಿಭಾಗದಲ್ಲಿ ಕಿರಿಯರು ತಿಳಿಯದೆಯೇ ಸುಮ್ಮನಿರುತ್ತಾರೆ.

ಜ್ಞಾನವನ್ನು ಮರೆಮಾಚುವುದು

ಹಂಚಿಕೊಳ್ಳದಿರುವುದಕ್ಕೂ ಮರೆಮಾಚುವುದಕ್ಕೂ ವ್ಯತ್ಯಾಸವಿದೆ. ಯಾರೂ ಕೇಳದೆ ಇದ್ದಾಗ ಹೇಳದಿರುವುದು ಮೊದಲನೆಯದು. ಕೇಳಿದಾಗಲೂ ಬೇಕೆಂದೇ ತಡೆಹಿಡಿಯುವುದು ಎರಡನೆಯದು. ಕ್ಯಾಥರೀನ್ ಕನೆಲಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರೆಮಾಚುವಿಕೆಯ ಮೂರು ಬಗೆಗಳನ್ನು ಗುರುತಿಸಿದರು.

ನುಣುಚಿಕೊಳ್ಳುವುದು: ಅರ್ಧ ಮಾಹಿತಿ ಕೊಡುವುದು ಅಥವಾ ಆಮೇಲೆ ಹೇಳುವುದಾಗಿ ಮಾತು ಕೊಟ್ಟು ಮುಂದೂಡುವುದು.

ತಿಳಿಯದವರಂತೆ ನಟಿಸುವುದು: ಗೊತ್ತಿದ್ದರೂ ಗೊತ್ತಿಲ್ಲವೆನ್ನುವುದು.

ಕಾರಣ ನೀಡಿ ನಿರಾಕರಿಸುವುದು: ಗೌಪ್ಯತೆ ಅಥವಾ ಮೇಲಧಿಕಾರಿಯ ಆದೇಶವನ್ನು ಮುಂದಿಟ್ಟು ಹೇಳಲಾಗದೆಂದು ತಿಳಿಸುವುದು. ಇದರಲ್ಲಿ ವಂಚನೆ ಇರಲೇಬೇಕೆಂದಿಲ್ಲ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಮುಂತಾದ ವಿಷಯಗಳಲ್ಲಿ ಗೌಪ್ಯತೆಯೇ ಕರ್ತವ್ಯ.

ಮೈಸೂರು ವಿಶ್ವವಿದ್ಯಾನಿಲಯದ ನಿದರ್ಶನಗಳು

ಹಸ್ತಪ್ರತಿಗಳು

ಮೈಸೂರಿನ ಪ್ರಾಚ್ಯ ಗ್ರಂಥಾಲಯವು 1891ರಲ್ಲಿ ಆರಂಭವಾಯಿತು. ಮುಂದೆ ವಿಶ್ವವಿದ್ಯಾನಿಲಯದ ಅಂಗವಾಗಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂಬ ಹೆಸರು ಪಡೆಯಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಈ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿ ಪ್ರತಿಯೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರ ಸುಮಾರಿಗೆ ಗುರುತಿಸಿದರು. ಅದು ಗ್ರಂಥ ಲಿಪಿಯಲ್ಲಿತ್ತು. ಶಾಸ್ತ್ರಿಗಳು 1909ರಲ್ಲಿ ಮೂಲ ಪಠ್ಯವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಹೆಸರು ದಾಖಲಾಗದ ಆ ಪಂಡಿತರು ಪ್ರತಿಯನ್ನು ಮನೆಯಲ್ಲಿಯೇ ಇರಿಸಿಕೊಂಡಿದ್ದರೆ, ಗ್ರಂಥಪಾಲಕರು ಓದಬಲ್ಲವರಾಗಿರದಿದ್ದರೆ ಅಥವಾ ಓದಿದ್ದನ್ನು ಪ್ರಕಟಿಸದಿದ್ದರೆ ಈ ಕೃತಿ ಲೋಕಕ್ಕೆ ಆಗ ದೊರೆಯುತ್ತಿರಲಿಲ್ಲ. ಜ್ಞಾನ ಹಂಚಿಕೆಯ ಮೂರು ಹಂತಗಳು ಇಲ್ಲಿ ಸ್ಪಷ್ಟವಾಗಿವೆ: ಒಪ್ಪಿಸುವುದು, ಗುರುತಿಸುವುದು, ಪ್ರಕಟಿಸುವುದು.

ತಾಳೆಗರಿಗಳನ್ನು ಛಾಯಾಚಿತ್ರದ ಮೂಲಕ ಉಳಿಸಬಹುದು. ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ಸರಾಗವಾಗಿ ಓದುವ ಅಭ್ಯಾಸವನ್ನು ಹಾಗೆ ಉಳಿಸಲಾಗದು. ಅದು ಬಲ್ಲವರ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ.

ಶಾಸನ ಮತ್ತು ಉತ್ಖನನ

ಮೈಸೂರು ಪುರಾತತ್ವ ಇಲಾಖೆಯಲ್ಲಿ ಬಿ.ಎಲ್. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ ಅವರು 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ಅವರ ಅನಂತರ ಶಾಮಶಾಸ್ತ್ರಿಗಳೂ ಬಳಿಕ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಎಂ.ಎಚ್. ಕೃಷ್ಣ ಅವರೂ ಇಲಾಖೆಯನ್ನು ನಡೆಸಿದರು. ಶಾಸನವನ್ನು ಪ್ರತಿ ತೆಗೆಯುವ, ಓದುವ, ಸಂಪಾದಿಸುವ ಕ್ರಮವು ಹೀಗೆ ಒಬ್ಬರಿಂದೊಬ್ಬರಿಗೆ ಸಾಗಿತು.

ಇದರ ಫಲವನ್ನು ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಲ್ಲಿ ಕಾಣಬಹುದು. ಈ ಎರಡೂ ತಾಲ್ಲೂಕುಗಳ ಶಾಸನಗಳು 1894ರಲ್ಲಿ ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಸೇರಿದ್ದವು. ಸುಮಾರು 80 ವರ್ಷಗಳ ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತರಲಾರಂಭಿಸಿತು. ನಂಜನಗೂಡು ತಾಲ್ಲೂಕಿನ ಶಾಸನಗಳು 1974ರ ಮೂರನೆಯ ಸಂಪುಟದಲ್ಲಿಯೂ, ಟಿ. ನರಸೀಪುರ ತಾಲ್ಲೂಕಿನವು 1976ರ ಐದನೆಯ ಸಂಪುಟದಲ್ಲಿಯೂ ಪ್ರಕಟವಾದವು. ಹಿಂದಿನವರ ಓದನ್ನು ಮುಂದಿನವರು ತಿದ್ದಲು ಸಾಧ್ಯವಾದದ್ದು ಅದು ಅಚ್ಚಾಗಿ ಎಲ್ಲರ ಮುಂದೆ ಇದ್ದುದರಿಂದ.

ಕಾವೇರಿ ಮತ್ತು ಕಪಿಲೆಯರ ಸಂಗಮದ ಟಿ. ನರಸೀಪುರದಲ್ಲಿ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ 1959ರಿಂದ 1965ರ ಅವಧಿಯಲ್ಲಿ ಉತ್ಖನನ ನಡೆಯಿತು. ನವಶಿಲಾಯುಗದ ಜನವಸತಿಯ ಕುರುಹುಗಳು ಅಲ್ಲಿ ದೊರೆತವು. ತಲಕಾಡಿಗೆ ಸಮೀಪದ ಹೆಮ್ಮಿಗೆ ಗ್ರಾಮವೂ ಕರ್ನಾಟಕದ ನವಶಿಲಾಯುಗದ ನೆಲೆಗಳಲ್ಲಿ ಒಂದಾಗಿದೆ. ಟಿ. ನರಸೀಪುರದ ಉತ್ಖನನದ ವರದಿ ಪ್ರಕಟವಾದದ್ದು 1971ರಲ್ಲಿ. ಉತ್ಖನನದಲ್ಲಿ ಮಣ್ಣಿನ ಪದರವನ್ನು ಒಮ್ಮೆ ಅಗೆದರೆ ಅದು ಮತ್ತೆ ಸಿಗುವುದಿಲ್ಲ. ಅಗೆತಕ್ಕೂ ವರದಿಗೂ ನಡುವಣ ಅವಧಿಯಲ್ಲಿ ಆ ತಿಳಿವಳಿಕೆಯ ಬಹುಭಾಗ ಅಗೆದವರ ಟಿಪ್ಪಣಿ ಮತ್ತು ನೆನಪುಗಳಲ್ಲಿ ಇರುತ್ತದೆ. ಈ ಅವಧಿಯಲ್ಲಿ ಅವರಿಗೆ ಸೇವೆಯ ನೆಲೆ, ಬಿಡುವು ಮತ್ತು ಬರೆಯುವ ಉತ್ಸಾಹ ಉಳಿದರೆ ಮಾತ್ರ ವರದಿ ಹೊರಬರುತ್ತದೆ. ಆದ್ದರಿಂದ ಸಿಬ್ಬಂದಿಯ ಯೋಗಕ್ಷೇಮಕ್ಕೂ ಒಂದು ಊರಿನ ಪ್ರಾಚೀನ ಇತಿಹಾಸ ಉಳಿಯುವುದಕ್ಕೂ ಸಂಬಂಧವಿದೆ.

ಪ್ರಸಾರಾಂಗ

1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪಟ್ಟಣ ಮತ್ತು ಹಳ್ಳಿಗಳಿಗೆ ತೆರಳಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡತೊಡಗಿದರು. ಈ ಉಪನ್ಯಾಸಗಳು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾದವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ವಿಶ್ವವಿದ್ಯಾನಿಲಯದ ಕಾರ್ಯವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರಾಗಿ ಕಂಡರು. ಬೋಧನೆ ಮತ್ತು ಸಂಶೋಧನೆಗಳಿಗೆ ಸಮನಾಗಿ ಹಂಚಿಕೆಗೂ ಒಂದು ಅಂಗವನ್ನು ಕಲ್ಪಿಸಿದ್ದು ಇದರ ವಿಶೇಷ. ಅಧ್ಯಾಪಕರ ಮನೋಭಾವದಲ್ಲಿ ಆಗಲೇ ಇದ್ದ ಕನ್ನಡದ ಅಭಿಮಾನಕ್ಕೆ ಸಂಸ್ಥೆಯ ಆಸರೆ ಹೀಗೆ ದೊರೆಯಿತು.

ವಿಶ್ವಕೋಶ

ಕನ್ನಡ ಅಧ್ಯಯನ ಸಂಸ್ಥೆಯು ಸಿದ್ಧಪಡಿಸಿದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು. ಒಟ್ಟು 14 ಸಂಪುಟಗಳು ಹೊರಬಂದಿವೆ. ವಿಜ್ಞಾನ, ಮಾನವಿಕ ಶಾಸ್ತ್ರಗಳ ಅನೇಕ ವಿಭಾಗಗಳ ವಿದ್ವಾಂಸರು ಇದಕ್ಕೆ ಲೇಖನಗಳನ್ನು ಬರೆದರು. ತಮ್ಮ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವರು ಕನ್ನಡದ ಪರಿಭಾಷೆಯನ್ನು ಒಟ್ಟಾಗಿ ನಿರ್ಧರಿಸಬೇಕಾದ ಕಾರ್ಯವಿದು. 2014ರಲ್ಲಿ ವಿಶ್ವವಿದ್ಯಾನಿಲಯವು ವಿಶ್ವಕೋಶದ ಕೆಲವು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು.

ಉದ್ಯೋಗ ಭದ್ರತೆ ಮತ್ತು ಅತಿಥಿ ಉಪನ್ಯಾಸಕರು

ಮೇಲಿನ ನಿದರ್ಶನಗಳಲ್ಲಿ ಕೆಲಸ ಮಾಡಿದವರು ಬಹುಮಟ್ಟಿಗೆ ದೀರ್ಘಕಾಲ ಒಂದೇ ಸಂಸ್ಥೆಯಲ್ಲಿ ಇದ್ದವರು. ಇಂದಿನ ಕರ್ನಾಟಕದ ಸಾರ್ವಜನಿಕ ಉನ್ನತ ಶಿಕ್ಷಣದಲ್ಲಿ ಬೋಧನೆಯ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರು ನಿರ್ವಹಿಸುತ್ತಾರೆ. ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳಲ್ಲಿಯೂ, ಅವುಗಳ ಸಂಯೋಜನೆಗೆ ಒಳಪಟ್ಟ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿಯೂ ಅವರಿದ್ದಾರೆ. ನೇಮಕ ಒಂದು ಶೈಕ್ಷಣಿಕ ವರ್ಷ ಅಥವಾ ಸೆಮಿಸ್ಟರಿಗೆ ಸೀಮಿತವಾಗಿರುತ್ತದೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಮುಷ್ಕರ ಹೂಡಿದರು. 2022ರ ಜನವರಿಯಲ್ಲಿ ರಾಜ್ಯ ಸರ್ಕಾರವು ಅದುವರೆಗೆ ತಿಂಗಳಿಗೆ ₹11,000 ಮತ್ತು ₹13,000 ಇದ್ದ ಗೌರವಧನವನ್ನು ಅರ್ಹತೆ, ಅನುಭವಗಳಿಗೆ ಅನುಗುಣವಾಗಿ ₹26,000ದಿಂದ ₹32,000ದವರೆಗೆ ಏರಿಸಿತು. ಅದರೊಂದಿಗೆ ವಾರದ ಬೋಧನಾವಧಿಯನ್ನು 15 ಗಂಟೆಗಳಿಗೆ ಹೆಚ್ಚಿಸಿದ್ದರಿಂದ ಇದ್ದ ಕಾರ್ಯಭಾರ ಕಡಿಮೆ ಜನರಿಗೆ ಹಂಚಿಕೆಯಾಗಿ, ಅನೇಕರು ಅವಕಾಶ ಕಳೆದುಕೊಂಡರು. ಸೇವೆ ಕಾಯಂಗೊಳಿಸಬೇಕೆಂಬ ಬೇಡಿಕೆಯೊಂದಿಗೆ 2023ರ ಕೊನೆಯಲ್ಲಿ ಮತ್ತೆ ಮುಷ್ಕರ ನಡೆಯಿತು.

ಜ್ಞಾನ ಹಂಚಿಕೆಯ ದೃಷ್ಟಿಯಿಂದ ಈ ವ್ಯವಸ್ಥೆಯ ಪರಿಣಾಮಗಳು ಹಲವು. ಇಬ್ಬರು ಉಪನ್ಯಾಸಕರು ಮುಂದಿನ ವರ್ಷ ಒಂದೇ ಸ್ಥಾನಕ್ಕೆ ಸ್ಪರ್ಧಿಗಳಾಗಬಹುದಾದಾಗ ಪಾಠದ ಟಿಪ್ಪಣಿಯನ್ನು ಕೊಡುವುದೂ ನಷ್ಟವೆನಿಸಬಹುದು. ಬಿಡುವಿನ ವೇಳೆಯಲ್ಲಿ ಮತ್ತೊಂದು ಕಾಲೇಜಿಗೆ ಬಸ್ಸು ಹಿಡಿಯಬೇಕಾದವರಿಗೆ ಸಹೋದ್ಯೋಗಿಗಳೊಡನೆ ಕುಳಿತು ಚರ್ಚಿಸಲು ಸಮಯವಿರದು. ಅಧ್ಯಯನ ಮಂಡಳಿಯಂಥ ಕಡೆ ತಮ್ಮ ಮಾತಿಗೆ ಎಡೆಯಿಲ್ಲವೆಂದಾದರೆ, ಪಠ್ಯಕ್ರಮ ತರಗತಿಯಲ್ಲಿ ಎಲ್ಲಿ ತೊಡಕಾಗುತ್ತದೆ ಎಂಬ ಅವರ ಅನುಭವ ಮೇಲಕ್ಕೆ ತಲುಪುವುದಿಲ್ಲ. ಇದರ ನಷ್ಟವನ್ನು ಕೊನೆಗೆ ಅನುಭವಿಸುವವರು ಗ್ರಾಮೀಣ ವಿದ್ಯಾರ್ಥಿಗಳು. ಹೀಗಿದ್ದೂ ಹಲವರು ಪಾಠ, ಪುಸ್ತಕ, ಪರೀಕ್ಷಾ ಸಿದ್ಧತೆಗಳಲ್ಲಿ ಪರಸ್ಪರ ನೆರವಾಗುವುದು ಕಂಡುಬರುತ್ತದೆ. ಸಮಾನ ಕಷ್ಟದಲ್ಲಿ ಇರುವವರ ನಡುವಿನ ವಿಶ್ವಾಸವೂ ಹಂಚಿಕೆಗೆ ಪ್ರೇರಣೆಯಾಗಬಲ್ಲದು.

ಆಡಳಿತ ಸಿಬ್ಬಂದಿ

ಜ್ಞಾನ ಹಂಚಿಕೆಯ ಚರ್ಚೆಯಲ್ಲಿ ಬೋಧಕೇತರ ನೌಕರರು ಹಿಂದೆ ಸರಿಯುವುದುಂಟು. ಆದರೆ ಪರೀಕ್ಷಾಂಗ, ಹಣಕಾಸು, ಸಿಬ್ಬಂದಿ ಶಾಖೆಗಳ ದೈನಂದಿನ ಕೆಲಸ ವಿಷಯ ನಿರ್ವಾಹಕರು ಮತ್ತು ಅಧೀಕ್ಷಕರ ಅನುಭವವನ್ನು ಅವಲಂಬಿಸಿದೆ. ಹಳೆಯ ಅಂಕಪಟ್ಟಿಯ ತಿದ್ದುಪಡಿ, ಪದವಿ ಪ್ರಮಾಣಪತ್ರದ ಪರಿಶೀಲನೆ, ಹಿಂದಿನ ಸಿಂಡಿಕೇಟ್ ನಿರ್ಣಯದ ಹುಡುಕಾಟ ಮುಂತಾದವುಗಳಲ್ಲಿ ನಿಯಮಕ್ಕಿಂತ ನೆನಪು ಹೆಚ್ಚು ಕೆಲಸಕ್ಕೆ ಬರುತ್ತದೆ. ನಿವೃತ್ತಿಯ ದಿನ ಪ್ರಭಾರವನ್ನು ವಹಿಸಿಕೊಡುವಾಗ ಕಡತಗಳ ಪಟ್ಟಿಗೆ ಸಹಿ ಬೀಳುತ್ತದೆ. ಆ ಕಡತಗಳ ಹಿನ್ನೆಲೆ ಪಟ್ಟಿಯಲ್ಲಿ ಇರುವುದಿಲ್ಲ. ತೆರವಾದ ಹುದ್ದೆ ಬಹುಕಾಲ ಖಾಲಿ ಉಳಿದರೆ ಅಥವಾ ಹೊರಗುತ್ತಿಗೆಯವರಿಂದ ತುಂಬಿದರೆ ಕಲಿಸುವವರೂ ಕಲಿಯುವವರೂ ಎಂದೂ ಮುಖಾಮುಖಿಯಾಗುವುದಿಲ್ಲ.

ನಿಯಮಗಳು ಮತ್ತು ತಾಂತ್ರಿಕ ವ್ಯವಸ್ಥೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಶೈಕ್ಷಣಿಕ ಸಾಧನೆಯ ಅಂಕಗಳ ಪದ್ಧತಿಯನ್ನು ತಂದಿತು. 2018ರ ನಿಯಮಾವಳಿ ಇದನ್ನು ಪರಿಷ್ಕರಿಸಿತು. ಅದರಂತೆ ಇಬ್ಬರು ಸೇರಿ ಬರೆದ ಸಂಶೋಧನಾ ಲೇಖನಕ್ಕೆ ತಲಾ ಶೇ. 70 ಅಂಕ ದೊರೆಯುತ್ತದೆ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಪ್ರಧಾನ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30 ಸಲ್ಲುತ್ತದೆ. ಸಹಲೇಖನಕ್ಕೆ ಮನ್ನಣೆ ಇದೆಯಾದರೂ, ಕಿರಿಯ ಸಹೋದ್ಯೋಗಿಯ ಹಸ್ತಪ್ರತಿಯನ್ನು ಓದಿ ತಿದ್ದಿಕೊಟ್ಟ ಹಿರಿಯರ ಶ್ರಮ ಇಂಥ ಎಣಿಕೆಯ ಹೊರಗೇ ಉಳಿಯುತ್ತದೆ.

ಆಯೋಗದ 2009ರ ನಿಯಮಾವಳಿ ಪಿಎಚ್.ಡಿ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುವ ಶೋಧಗಂಗಾ ಎಂಬ ಭಂಡಾರದಲ್ಲಿ ಅವು ಎಲ್ಲರಿಗೂ ಲಭ್ಯವಿವೆ. ಹಿಂದೆ ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತಿದ್ದ ಪ್ರಬಂಧಗಳನ್ನು ಈಗ ಬೇರೆ ಊರಿನ ವಿದ್ಯಾರ್ಥಿಯೂ ಓದಬಹುದು. ಈ ವ್ಯವಸ್ಥೆ ವ್ಯಕ್ತ ಜ್ಞಾನಕ್ಕೆ ಮಾತ್ರ ಅನ್ವಯಿಸುತ್ತದೆ.

ಉತ್ತೇಜನದ ಕ್ರಮಗಳು

ಜ್ಞಾನ ಹಂಚಿಕೆಯನ್ನು ಉತ್ತೇಜಿಸಲು ಸಾಮಾನ್ಯವಾಗಿ ಸೂಚಿಸಲಾಗುವ ಕ್ರಮಗಳು ಹೀಗಿವೆ:

ನಿವೃತ್ತಿಗೆ ಮುಂಚೆಯೇ ಉತ್ತರಾಧಿಕಾರಿಯನ್ನು ನೇಮಿಸಿ, ಇಬ್ಬರೂ ಕೆಲವು ತಿಂಗಳು ಜೊತೆಯಾಗಿ ಕೆಲಸ ಮಾಡುವಂತೆ ಏರ್ಪಡಿಸುವುದು.

ತಾತ್ಕಾಲಿಕ ಸಿಬ್ಬಂದಿಗೆ ಸೇವೆಯ ಭರವಸೆ ಹಾಗೂ ವಿಭಾಗದ ಸಭೆಗಳಲ್ಲಿ ಸ್ಥಾನ ನೀಡುವುದು.

ಹಿರಿಯರು ಕಿರಿಯರಿಗೆ ನೀಡುವ ಮಾರ್ಗದರ್ಶನವನ್ನು ಕಾರ್ಯಭಾರದ ಭಾಗವೆಂದು ಪರಿಗಣಿಸಿ ಸಮಯ ಒದಗಿಸುವುದು.

ಕೊಡುಗೆ ನೀಡಿದವರ ಹೆಸರನ್ನು ಪ್ರಕಟಣೆಗಳಲ್ಲಿ ತಪ್ಪದೆ ದಾಖಲಿಸುವುದು. ತನ್ನ ಶ್ರಮ ಬೇರೆಯವರ ಹೆಸರಿನಲ್ಲಿ ಹೊರಬರಬಹುದೆಂಬ ಭಯ ಹಂಚಿಕೆಗೆ ಇರುವ ದೊಡ್ಡ ತಡೆಗಳಲ್ಲಿ ಒಂದು.

ವಿಭಾಗದ ವಾರದ ಗೋಷ್ಠಿ, ಶಾಸನ ಮತ್ತು ಹಸ್ತಪ್ರತಿಗಳ ಓದಿನ ಕಮ್ಮಟ ಮುಂತಾದ ಒಡನಾಟದ ಅವಕಾಶಗಳನ್ನು ಕಲ್ಪಿಸುವುದು.

ಮಿತಿಗಳು ಮತ್ತು ಟೀಕೆ

ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ಪ್ರಶ್ನಾವಳಿಗಳನ್ನು ಆಧರಿಸಿವೆ. ತಾನು ಉದಾರಿಯೆಂದು ಹೇಳಿಕೊಳ್ಳುವುದು ಎಲ್ಲರಿಗೂ ಪ್ರಿಯವಾದ್ದರಿಂದ ಇಂಥ ಉತ್ತರಗಳು ವಾಸ್ತವದ ನಡವಳಿಕೆಯನ್ನು ಪೂರ್ಣವಾಗಿ ಬಿಂಬಿಸಲಾರವು. ಸಂತೃಪ್ತ ನೌಕರರು ಹೆಚ್ಚು ಹಂಚಿಕೊಳ್ಳುತ್ತಾರೆಯೇ, ಹಂಚಿಕೊಳ್ಳುವ ವಾತಾವರಣದಲ್ಲಿ ನೌಕರರು ಸಂತೃಪ್ತರಾಗುತ್ತಾರೆಯೇ ಎಂಬುದನ್ನು ಒಂದೇ ಬಾರಿಯ ಸಮೀಕ್ಷೆಯಿಂದ ನಿರ್ಧರಿಸಲಾಗದು. ಸದಾ ಸಲಹೆ ನೀಡಬೇಕಾದ ಅನುಭವಿಗಳ ಸ್ವಂತ ಕೆಲಸ ಹಿಂದುಳಿದು ಅವರೇ ಬಳಲುವ ಸಂಭವವೂ ಇದೆ. ಮನೋಭಾವಕ್ಕೆ ಅತಿಯಾದ ಒತ್ತು ನೀಡಿದರೆ, ಹುದ್ದೆಗಳನ್ನು ತುಂಬುವ ಮತ್ತು ವೇತನ ಒದಗಿಸುವ ಆಡಳಿತದ ಹೊಣೆಯು ನೌಕರರ ಗುಣದೋಷಗಳ ಚರ್ಚೆಯಲ್ಲಿ ಮರೆಯಾಗುತ್ತದೆ ಎಂಬುದು ಇನ್ನೊಂದು ಟೀಕೆ.

ಇವನ್ನೂ ನೋಡಿ

ಮೈಸೂರು ವಿಶ್ವವಿದ್ಯಾನಿಲಯ
ಪ್ರಾಚ್ಯವಿದ್ಯಾ ಸಂಶೋಧನಾಲಯ, ಮೈಸೂರು
ಎಪಿಗ್ರಾಫಿಯ ಕರ್ನಾಟಿಕ
ಕನ್ನಡ ವಿಶ್ವಕೋಶ
ತಿರುಮಕೂಡಲು ನರಸೀಪುರ